ಹುಳು ತಿಂದ ಬಳ್ಳಿ

ಕೇಳುಗರಿಗೆ ನಮಸ್ಕಾರ. ನಮ್ಮ ಶಿರಸಿ ಕಡೆ ಹಿತ್ತಿಲು ಅಂದರೆ ಬಾಳೆ, ಬಸಳೆ, ಒಂದೆಲಗ, ಮೂಲೆಯಲ್ಲೊಂದು ಕರಿಬೇವು. ಅದಕ್ಕೆ ಹುಳು ಬಿತ್ತೆಂದರೆ ಕೈ ತಾನಾಗಿ ಒಲೆಬೂದಿಯ ಕಡೆ ಹೋಗುತ್ತದೆ. ನಾನೂ ವರ್ಷಗಟ್ಟಲೆ ಎರಚಿದವನೇ.

ಒಂದು ಮಳೆಗಾಲ ಬೂದಿ ಹಿಡಿದು ಹೋದವನು ಸುಮ್ನೆ ಬಗ್ಗಿ ನೋಡಿದೆ. ಎಲೆ ಮೇಲೆ ಹಕ್ಕಿ ಹಿಕ್ಕೆ. ಒರೆಸಲು ಹೋದರೆ ಹಿಕ್ಕೆ ನಡೆಯಿತು! ಎಳೆ ಹುಳು ಅದು, ಹಕ್ಕಿಯ ಕಣ್ಣು ತಪ್ಪಿಸಲು ಆ ವೇಷ. ಪಕ್ಕದ ರೆಂಬೆಯಲ್ಲಿ ಬಲಿತದ್ದೊಂದು, ಎಲೆಯಷ್ಟೇ ಹಸಿರು. ಕಡ್ಡಿಯಿಂದ ಮುಟ್ಟಿದೆ. ತಲೆಯ ಹಿಂದಿನಿಂದ ಕೆಂಪು ಕವಲುಕೋಡು ಹೊರಗೆ ಚಾಚಿತು, ಜೊತೆಗೆ ಘಾಟು ವಾಸನೆ. ಕಾಮನ್ ಮಾರ್ಮನ್ ಎಂಬ ಕಪ್ಪು ಚಿಟ್ಟೆಯ ಮರಿ ಅದು. ತಾಯಿ ಮೊಟ್ಟೆ ಇಡುವುದು ಕರಿಬೇವು, ನಿಂಬೆಯ ಬಳಗದ ಗಿಡಗಳಿಗೇ.

ಹೂವಿದ್ದರೆ ಚಿಟ್ಟೆ ಬರುತ್ತದೆ, ನಿಜ. ಉಳಿಯಬೇಕಾದರೆ ಮರಿಗೆ ಎಲೆ ಬೇಕಲ್ವಾ? ಕ್ರೋಟನ್ ಕುಂಡ ನೋಡಲು ಚೆಂದ, ಅಷ್ಟೇ.

ಆಮೇಲೆ ಸೊಪ್ಪಿನ ಬೆಟ್ಟದಿಂದ ಈಶ್ವರಿ ಬಳ್ಳಿಯ ಬೀಜ ತಂದು ಬೇಲಿ ಬುಡಕ್ಕೆ ಹಾಕಿದೆ. ಇದರ ಕಾಯಿ ಒಣಗಿ ಬಿರಿದರೆ ನೂಲು ಕಟ್ಟಿದ ಪುಟ್ಟ ತೂಗುಬುಟ್ಟಿಯ ಹಾಗೆ ಕಾಣುತ್ತದೆ. ಕರ್ನಾಟಕದ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಮರಿಯಾಗಿದ್ದಾಗ ತಿನ್ನುವುದು ಈ ಬಳಗದ ಬಳ್ಳಿಗಳ ಎಲೆಯನ್ನೇ. ಬಳ್ಳಿಯ ವಿಷ ಹುಳುವಿನ ಮೈ ಸೇರುತ್ತದೆ, ಹಕ್ಕಿಗೆ ಅದು ರುಚಿಸುವುದಿಲ್ಲ. ಅಂದ ಹಾಗೆ, ಇದರ ಬೇರನ್ನು ಹಾವಿನ ಮದ್ದೆಂದು ತೇಯ್ದು ಕುಡಿಯುವವರಿದ್ದಾರೆ. ದಯವಿಟ್ಟು ಬೇಡ. ಅದೇ ವಿಷ ನಮ್ಮ ಮೂತ್ರಪಿಂಡವನ್ನು ಕೆಡಿಸುತ್ತದೆ. ಹಾವು ಕಚ್ಚಿದರೆ ಸೀದಾ ಆಸ್ಪತ್ರೆಗೆ.

ಮೂರನೇ ಮಳೆಗಾಲಕ್ಕೆ ಬಳ್ಳಿ ಬೋಳಾಯಿತು. ಮೈತುಂಬ ಮೊಟಕು ಮುಳ್ಳಿನಂಥ ಗುಬುಟುಗಳಿದ್ದ ಕಂದು ಹುಳುಗಳು. ಪಕ್ಕದ ಮನೆ ಅಕ್ಕ, "ಔಷಧಿ ಹೊಡೀರಿ ಮಾರಾಯ್ರೆ" ಅಂದರು. ಹೊಡೆಯಲಿಲ್ಲ. ಕೆಲವು ವಾರ ಕಳೆದಿರಬೇಕು. ಬಚ್ಚಲೊಲೆಗೆ ಬೆಂಕಿ ಹಾಕಲು ಹೋದವನಿಗೆ ಬೇಲಿ ಮೇಲೆ ಬಂಗಾರದ ಬಣ್ಣ ಕಂಡಿತು. ಬಿಚ್ಚಿದರೆ ನನ್ನ ಅಂಗೈಗಿಂತ ಅಗಲದ ರೆಕ್ಕೆ, ಇನ್ನೂ ಒಣಗಿರಲಿಲ್ಲ. ಅದೇ ಅಕ್ಕ ಮಕ್ಕಳನ್ನು ಕೂಗಿ ಕರೆದರು. ಬಳ್ಳಿಯೂ ಮತ್ತೆ ಚಿಗುರಿತು.

ಈಗ ನಮ್ಮಲ್ಲಿ ಎರಡು ಕರಿಬೇವು. ಅಡುಗೆಮನೆ ಬಾಗಿಲಿನದು ಒಗ್ಗರಣೆಗೆ, ಬಚ್ಚಲ ಹಿಂದಿನದು ಹುಳುಗಳಿಗೆ ಅಂತ ಮನೆಯವಳ ತೀರ್ಮಾನ. ಹುಳುಗಳಿಗೆ ಮಾತ್ರ ಈ ಸುದ್ದಿ ಇನ್ನೂ ಮುಟ್ಟಿದ ಹಾಗಿಲ್ಲ. ನಮಸ್ಕಾರ.