ಕೆಂಪು ಶಲ್ಕ ಕೀಟವೂ ಅದನ್ನು ಹತೋಟಿಗೆ ತಂದ ಕಣಜವೂ

ಕೇಳುಗರೆಲ್ಲರಿಗೂ ನಮಸ್ಕಾರ. ನಿಂಬೆ, ಕಿತ್ತಳೆ, ಮೋಸಂಬಿ ಗಿಡಗಳ ರೆಂಬೆಗೂ ಕಾಯಿಗೂ ಹುರುಪೆಯಂತೆ ಅಂಟಿಕೊಂಡಿರುವ ಕೆಂಗಂದು ಚುಕ್ಕೆಗಳನ್ನು ಸೂಜಿಮೊನೆಯಿಂದ ಎಬ್ಬಿಸಿ ನೋಡಿದರೆ, ಅಡಿಯಲ್ಲಿ ಕಾಲೂ ರೆಕ್ಕೆಯೂ ಇಲ್ಲದ ಒಂದು ಮೆತ್ತನೆಯ ಜೀವಿ ಕಾಣಿಸುತ್ತದೆ. ಅದು ಹೆಣ್ಣು ಕೆಂಪು ಶಲ್ಕ ಕೀಟ. ತಾನೇ ಸ್ರವಿಸಿದ ಮೇಣಕ್ಕೆ ಕಳಚಿದ ಪೊರೆಗಳನ್ನು ಸೇರಿಸಿ ಕಟ್ಟಿಕೊಂಡ ಕವಚದ ಕೆಳಗೆ ಅದು ಕುಳಿತಲ್ಲೇ ಕುಳಿತು ಗಿಡದ ರಸ ಹೀರುತ್ತದೆ. ಬೇರೆ ಕೆಲವು ರಸ ಹೀರುವ ಕೀಟಗಳಂತೆ ಇದು ಅಂಟುದ್ರವವನ್ನು ಸುರಿಸುವುದಿಲ್ಲವಾದ್ದರಿಂದ, ಆ ದ್ರವದ ಮೇಲೆ ಬೆಳೆಯುವ ಕಪ್ಪು ಬೂಷ್ಟು ಬಾರದೆ ಎಲೆಗಳು ಕಪ್ಪುಗಟ್ಟುವುದಿಲ್ಲ. ಹಾಗಾಗಿ ಎಲೆ ಹಳದಿಯಾಗಿ ಉದುರಿ, ರೆಂಬೆಗಳು ತುದಿಯಿಂದ ಒಣಗತೊಡಗುವವರೆಗೂ ಹಾವಳಿ ನಮ್ಮ ಗಮನಕ್ಕೆ ಬಾರದೇ ಹೋಗಬಹುದು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವನ್ನು ಹೊಕ್ಕ ಈ ಕೀಟ ಅಲ್ಲಿನ ಬೆಳೆಗಾರರನ್ನು ಹಲವು ದಶಕ ಕಾಡಿತು. ಗಿಡಗಳಿಗೆ ರಾತ್ರಿಯ ಹೊತ್ತು ಗುಡಾರ ಹೊದಿಸಿ ಸಯನೈಡ್ ಅನಿಲ ತುಂಬಿದರು. ಕಾಲಕ್ರಮದಲ್ಲಿ ಆ ವಿಷವನ್ನೂ ತಾಳಿಕೊಳ್ಳುವ ಕೀಟಗಳು ಹುಟ್ಟಿಕೊಂಡವು. ಮುಂದೆ ಡಿಡಿಟಿ ಎಂಬ ರಾಸಾಯನಿಕ ಕೀಟನಾಶಕ ಬಂದಾಗ ಕೀಟ ಕಡಿಮೆಯಾಗುವ ಬದಲು ಹೆಚ್ಚಿತು. ಕವಚದೊಳಗಿನ ಕೀಟ ಉಳಿದು, ಅದನ್ನು ತಿನ್ನುತ್ತಿದ್ದ ಕಣಜಗಳು ಸತ್ತದ್ದೇ ಇದಕ್ಕೆ ಕಾರಣ ಎಂಬುದನ್ನು ಕೀಟವಿಜ್ಞಾನಿ ಪಾಲ್ ಡಿಬ್ಯಾಕ್ ಪ್ರಯೋಗಗಳಿಂದ ತೋರಿಸಿದರು. 1956-57ರಲ್ಲಿ ಉತ್ತರ ಭಾರತ ಮತ್ತು ಪಾಕಿಸ್ತಾನದಿಂದ ಅಫೈಟಿಸ್ ಮೆಲಿನಸ್ ಎಂಬ ಹಳದಿ ಕಣಜವನ್ನು ಅಲ್ಲಿಗೆ ಒಯ್ದು ಬಿಡಲಾಯಿತು. ಒಂದು ಮಿಲಿಮೀಟರಿನಷ್ಟೇ ಉದ್ದದ ಈ ಕಣಜ ಕವಚದ ಮೂಲಕ ಚುಚ್ಚಿ ಕೀಟದ ಮೈಮೇಲೆ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದ ಮರಿ ಕೀಟವನ್ನೇ ತಿಂದು ಬೆಳೆಯುತ್ತದೆ. ಇಂದಿಗೂ ಅಲ್ಲಿ ಈ ಕಣಜವನ್ನು ಸಾಕಿ ತೋಟಗಳಿಗೆ ಬಿಡುತ್ತಾರೆ. ನಮ್ಮ ನೆಲದ ಕಣಜವೊಂದು ಅಷ್ಟು ದೂರದ ತೋಟಗಳನ್ನು ಕಾಯುತ್ತಿರುವಾಗ, ಇಲ್ಲಿ ನಾವು ಚುಕ್ಕೆ ಕಂಡೊಡನೆ ತೀಕ್ಷ್ಣ ವಿಷ ಸಿಂಪಡಿಸಿ ಅಂಥ ಮಿತ್ರರನ್ನೇ ಕೊಲ್ಲುವುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಆದ್ದರಿಂದ ಬೆಳೆಗಾರರು ಮೊದಲು ಕೆಲವು ಕವಚಗಳನ್ನು ಎತ್ತಿ ನೋಡಬೇಕು. ಒಣಗಿ ಚಪ್ಪಟೆಯಾದ ಕೀಟದ ಬಳಿ ಕಣಜದ ಮರಿಯೋ ಕೋಶವೋ ಕಂಡರೆ ಸಿಂಪಡಣೆಗೆ ಅವಸರಪಡಬಾರದು. ಸಿಂಪಡಿಸಲೇಬೇಕಾದಾಗ, ಹಳದಿ ಬಣ್ಣದ ಎಳೆಮರಿಗಳು ಕವಚ ಕಟ್ಟಿಕೊಳ್ಳುವ ಮೊದಲು ಹರಿದಾಡುವ ಅಲ್ಪಾವಧಿಯನ್ನು ಭೂತಗನ್ನಡಿಯಿಂದ ಗುರುತಿಸಿ, ಕೃಷಿ ಅಧಿಕಾರಿಗಳು ಸೂಚಿಸುವ ತೋಟಗಾರಿಕಾ ಎಣ್ಣೆಯನ್ನು ರೆಂಬೆಗಳ ಒಳಭಾಗವೂ ನೆನೆಯುವಂತೆ ಬಳಸುವುದು ಒಳ್ಳೆಯದು. ಇರುವೆಗಳು ಗಿಡ ಹತ್ತದಂತೆಯೂ, ಪಕ್ಕದ ಮಣ್ಣುದಾರಿಯ ಧೂಳು ಎಲೆಗಳ ಮೇಲೆ ಕೂರದಂತೆಯೂ ನೋಡಿಕೊಳ್ಳಿ. ಕಣಜದ ಕೆಲಸಕ್ಕೆ ಇವೆರಡೂ ಅಡ್ಡಿ. ನಮಸ್ಕಾರ.