ಗೋಡೆಯ ಮೇಲೆ 48 ಇಂಚು: ಡಿಜಿಟಲ್ ಪತ್ರಾಗಾರ ಮತ್ತು ನಮ್ಮ ತರಗತಿ

ಶಿಕ್ಷಕ ಮಿತ್ರರೇ, ಗ್ರಂಥಾಲಯ ಮತ್ತು ಪತ್ರಾಗಾರಗಳಲ್ಲಿ ದುಡಿಯುತ್ತಿರುವ ಗೆಳೆಯರೇ,

ಒಂದು ಛಾಯಾಚಿತ್ರದಿಂದ ಮಾತು ಆರಂಭಿಸುತ್ತೇನೆ. ಹತ್ತಿ ಗಿರಣಿಯ ಒಳಗೆ ನೂಲುವ ಯಂತ್ರವೊಂದು ಉದ್ದಕ್ಕೆ ಚಾಚಿಕೊಂಡಿದೆ. ಅದಕ್ಕೆ ಕೈಯಿಟ್ಟು ಒಬ್ಬಳು ಪುಟ್ಟ ಹುಡುಗಿ ನಿಂತಿದ್ದಾಳೆ. ತೆಗೆದವರು ಲೂಯಿಸ್ ಹೈನ್. ದಿನ 1908ರ ನವೆಂಬರ್ 30, ಸ್ಥಳ ಅಮೆರಿಕದ ದಕ್ಷಿಣ ಕ್ಯಾರೊಲಿನಾದ ಲ್ಯಾಂಕಾಸ್ಟರ್. ಚಿತ್ರದ ಜೊತೆಗೆ ಹೈನ್ ಒಂದು ಪುಟ್ಟ ಟಿಪ್ಪಣಿ ಬರೆದಿಟ್ಟರು. ಹುಡುಗಿಯ ಹೆಸರು ಸೇಡಿ ಫೈಫರ್, ಎತ್ತರ 48 ಇಂಚು, ಕೆಲಸಕ್ಕೆ ಸೇರಿ ಅರ್ಧ ವರ್ಷವಾಗಿದೆ, ಈ ಗಿರಣಿಯಲ್ಲಿ ದುಡಿಯುವ ಅನೇಕ ಚಿಕ್ಕ ಮಕ್ಕಳಲ್ಲಿ ಇವಳೂ ಒಬ್ಬಳು. ಅಷ್ಟೇ.

ಈ ಚಿತ್ರವನ್ನು ಏಳನೆಯ ತರಗತಿಯ ಮಕ್ಕಳ ಮುಂದಿಟ್ಟ ಒಬ್ಬ ಶಿಕ್ಷಕಿಯ ಪಾಠವನ್ನು ನಾನು ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿದ್ದೇನೆ. ಮೊದಲು ಅವರು ಟಿಪ್ಪಣಿಯನ್ನು ಮಡಚಿ ಮರೆಮಾಡಿದ್ದರು. 'ಏನು ಕಾಣಿಸುತ್ತದೆಯೋ ಅದನ್ನಷ್ಟೇ ಹೇಳಿ' ಎಂದರು. ಯಂತ್ರ ದೊಡ್ಡದು, ಹುಡುಗಿ ಚಿಕ್ಕವಳು ಎಂದರು ಮಕ್ಕಳು. ಅಮ್ಮನ ಜೊತೆ ಗಿರಣಿ ನೋಡಲು ಬಂದಿರಬೇಕು ಎಂದು ಒಬ್ಬ ಊಹಿಸಿದ. ಆಮೇಲೆ ಟಿಪ್ಪಣಿ ತೆರೆದರು. ಅಳತೆಯ ಟೇಪು ತೆಗೆದುಕೊಂಡು ನೆಲದಿಂದ 48 ಇಂಚು ಅಳೆದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದರು. ಯಾರೂ ಕರೆಯದೆಯೇ ಮಕ್ಕಳು ಒಬ್ಬೊಬ್ಬರಾಗಿ ಎದ್ದು ಹೋಗಿ ಆ ಗೆರೆಗೆ ಬೆನ್ನು ಕೊಟ್ಟು ನಿಂತರು. ತರಗತಿಯಲ್ಲಿ ಎಲ್ಲರಿಗಿಂತ ಗಿಡ್ಡಗಿದ್ದ ಹುಡುಗಿಯ ತಲೆಯೂ ಗೆರೆಗಿಂತ ನಾಲ್ಕು ಬೆರಳು ಮೇಲಿತ್ತು.

ಆಗ ಒಬ್ಬ ಹುಡುಗ ಕೇಳಿದ ಪ್ರಶ್ನೆಯನ್ನು ನಾನು ಮರೆತಿಲ್ಲ. 'ವಯಸ್ಸು ಬರೆಯುವುದು ಬಿಟ್ಟು ಎತ್ತರ ಯಾಕೆ ಬರೆದರು?' ಶಿಕ್ಷಕಿ ಉತ್ತರಕ್ಕೆ ಸಿದ್ಧವಾಗಿ ಬಂದಿದ್ದರು. ಗಿರಣಿಗಳಲ್ಲಿ ಮಕ್ಕಳ ವಯಸ್ಸನ್ನು ಹೆಚ್ಚಿಸಿ ಹೇಳುವುದು ಸಾಮಾನ್ಯವಾಗಿತ್ತು. ಹೈನ್ ತಮ್ಮ ಕೋಟಿನ ಗುಂಡಿಗಳು ನೆಲದಿಂದ ಎಷ್ಟು ಎತ್ತರದಲ್ಲಿವೆ ಎಂದು ತಿಳಿದಿಟ್ಟುಕೊಂಡು, ಮಗು ಯಾವ ಗುಂಡಿಯವರೆಗೆ ಬರುತ್ತದೆ ಎಂದು ನೋಡಿ ಎತ್ತರ ಬರೆದುಕೊಳ್ಳುತ್ತಿದ್ದರು. ಬಾಯಲ್ಲಿ ಸುಳ್ಳು ಹೇಳಬಹುದು, ಎತ್ತರದಲ್ಲಿ ಹೇಳಲಾಗದು. ಸಾಕ್ಷ್ಯ ಎಂದರೇನು ಎಂಬುದನ್ನು ಆ ಮಕ್ಕಳು ಅಂದು ಕಲಿತರು. ಬಾಲಕಾರ್ಮಿಕ ಪದ್ಧತಿಗೆ ಅಮೆರಿಕದಲ್ಲಿ ಗಟ್ಟಿಯಾದ ರಾಷ್ಟ್ರಮಟ್ಟದ ಕಾನೂನು ನಿಂತದ್ದು 1938ರಲ್ಲಿ, ಈ ಚಿತ್ರ ತೆಗೆದ ಮೂವತ್ತು ವರ್ಷಗಳ ಮೇಲೆ. ಆ ಇಸವಿಯನ್ನೂ ಅವರು ಮರೆಯಲಾರರು ಎಂದು ನನಗೆ ನಂಬಿಕೆಯಿದೆ.

ಈಗ ವಿಷಯಕ್ಕೆ ಬರುತ್ತೇನೆ. ಮಕ್ಕಳ ದುಡಿಮೆಯ ವಿರುದ್ಧ ಹೋರಾಡುತ್ತಿದ್ದ ರಾಷ್ಟ್ರೀಯ ಬಾಲಕಾರ್ಮಿಕ ಸಮಿತಿಗಾಗಿ ಹೈನ್ ಅವರು ತೆಗೆದ ಐದು ಸಾವಿರಕ್ಕೂ ಹೆಚ್ಚು ಚಿತ್ರಗಳು ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವೆನಿಸಿದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿವೆ. ಅಂತರಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ಆದರೆ ಆ ಶಿಕ್ಷಕಿಗೆ ಬೇಕಾಗಿದ್ದದ್ದು ಐದು ಸಾವಿರವಲ್ಲ, ಒಂದು. ಆ ಒಂದು ಚಿತ್ರ, ಅದರ ಟಿಪ್ಪಣಿ, ಗುಂಡಿಯ ಕತೆ ಮತ್ತು ಕೇಳಬಹುದಾದ ನಾಲ್ಕು ಪ್ರಶ್ನೆಗಳು ಒಂದೇ ಕಡೆ ಸಿಕ್ಕಿದ್ದರಿಂದ ಆ ಪಾಠ ಸಾಧ್ಯವಾಯಿತು. ಬಾಗಿಲು ತೆರೆದಿಟ್ಟರೆ ಸಂಗ್ರಹ ತಾನಾಗಿಯೇ ಶಾಲೆಗೆ ನಡೆದು ಬರುವುದಿಲ್ಲ. ಆಯ್ದು, ಅಣಿಮಾಡಿ ತಂದುಕೊಡುವವರು ಬೇಕು. ಆ ಕೆಲಸ ಪತ್ರಾಗಾರದವರದ್ದೂ ಹೌದು ಎಂಬುದೇ ಇಂದು ನಾನು ವಾದಿಸಲು ಬಂದಿರುವ ಮಾತು.

ಇದನ್ನು ನಾನು ತಿಳಿದುಕೊಂಡದ್ದು ನಮ್ಮದೇ ಸೋಲಿನಿಂದ. ಹಿಂದೊಮ್ಮೆ ನಾನಿದ್ದ ತಂಡ ವರ್ಷಗಟ್ಟಲೆ ದುಡಿದು ಸಾವಿರಾರು ಪುಟಗಳನ್ನು ಸ್ಕ್ಯಾನ್ ಮಾಡಿ ಜಾಲತಾಣಕ್ಕೆ ಏರಿಸಿತು. ಹೆಮ್ಮೆಯಿಂದ ಒಬ್ಬ ಪ್ರೌಢಶಾಲಾ ಶಿಕ್ಷಕರನ್ನು ಕರೆದು ಕೂರಿಸಿದೆವು. ಅವರು 'ಬರಗಾಲ' ಎಂದು ಹುಡುಕಿದರು. ಏನೂ ಬರಲಿಲ್ಲ. 'ಕ್ಷಾಮ' ಎಂದು ಬರೆದರು. ಮುನ್ನೂರಕ್ಕೂ ಹೆಚ್ಚು ಫಲಿತಾಂಶಗಳು ಬಂದವು, ಎಲ್ಲದರ ಶೀರ್ಷಿಕೆಯೂ 'ಕಂದಾಯ ಕಡತ, ಕಟ್ಟು 14, ಇತರೆ ಪತ್ರವ್ಯವಹಾರ' ಎಂಬ ಧಾಟಿಯದೇ. ಒಂದನ್ನು ತೆರೆದರು, ಅದು ನೂರಾರು ಪುಟಗಳ ಕಡತ. ಇಪ್ಪತ್ತು ನಿಮಿಷ ತಾಳ್ಮೆಯಿಂದ ನೋಡಿ ಅವರು ಎದ್ದರು. ನಾಳೆ ಬೆಳಿಗ್ಗೆ ಮೊದಲ ಅವಧಿಗೆ ಪಾಠ ಸಿದ್ಧವಾಗಬೇಕಿತ್ತು ಅವರಿಗೆ.

ತಪ್ಪು ಯಾರದು? ಪತ್ರಾಗಾರದ ಶಾಸ್ತ್ರದ ಪ್ರಕಾರ ನಾವು ಮಾಡಿದ್ದು ಸರಿಯೇ. ಕಾಗದಗಳನ್ನು ವಿಷಯಕ್ಕೆ ತಕ್ಕಂತೆ ಒಡೆದು ಹಂಚಬಾರದು, ಅವು ಯಾವ ಕಚೇರಿಯಲ್ಲಿ, ಯಾವ ಕ್ರಮದಲ್ಲಿ ಹುಟ್ಟಿದವೋ ಹಾಗೆಯೇ ಇಡಬೇಕು ಎಂಬುದು ಹತ್ತೊಂಬತ್ತನೆಯ ಶತಮಾನದಿಂದ ಬಂದಿರುವ ನಿಯಮ. ಅದಕ್ಕೆ ಗಟ್ಟಿ ಕಾರಣವಿದೆ. ಒಂದು ಪತ್ರಕ್ಕೆ ಅದರ ಹಿಂದಿನ, ಮುಂದಿನ ಪತ್ರಗಳೇ ಸಾಕ್ಷಿ. ಆದರೆ ಶಿಕ್ಷಕರು ಯೋಚಿಸುವುದು ಕಚೇರಿಯ ಲೆಕ್ಕದಲ್ಲಲ್ಲ, ಪಾಠದ ಲೆಕ್ಕದಲ್ಲಿ. ಆದ್ದರಿಂದ ಮೂಲ ಕ್ರಮವನ್ನು ಕೆಡಿಸದೆ ಅದರ ಮೇಲೆ ಇನ್ನೊಂದು ಪದರವನ್ನು ಕಟ್ಟಬೇಕು. ಅಮೆರಿಕದ ಡಿಜಿಟಲ್ ಪಬ್ಲಿಕ್ ಲೈಬ್ರರಿ 2013ರಲ್ಲಿ ಆರಂಭವಾದ ಮೇಲೆ ಮಾಡಿದ್ದು ಇದನ್ನೇ. ಲಕ್ಷಾಂತರ ವಸ್ತುಗಳ ನಡುವಿನಿಂದ ಒಂದು ವಿಷಯಕ್ಕೆ ಹತ್ತು ಹದಿನೈದು ಆಕರಗಳನ್ನು ಮಾತ್ರ ಆರಿಸಿ, ಪುಟ್ಟ ಪೀಠಿಕೆ ಬರೆದು, ಪ್ರಶ್ನೆಗಳನ್ನು ಜೋಡಿಸಿ ಗುಚ್ಛಗಳನ್ನು ಮಾಡಿತು. ಆ ದೇಶದ ರಾಷ್ಟ್ರೀಯ ಪತ್ರಾಗಾರ 2010ರಲ್ಲಿ ತೆರೆದ 'ಡಾಕ್ಸ್‌ಟೀಚ್' ತಾಣದಲ್ಲಿ ಶಿಕ್ಷಕರು ದಾಖಲೆಗಳನ್ನು ಆರಿಸಿಕೊಂಡು ತಮ್ಮದೇ ಚಟುವಟಿಕೆಯನ್ನು ಕಟ್ಟಬಹುದು. ಹೀಗೆ ಆರಿಸಿಕೊಡುವುದನ್ನು ಕೆಲವು ಪತ್ರಪಾಲಕರು ಕೆಳದರ್ಜೆಯ ಕೆಲಸವೆಂದು ಕಾಣುವುದುಂಟು. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಹೆಚ್ಚಿನ ಪಾಂಡಿತ್ಯ ಬೇಡುವ ಕೆಲಸ ಇನ್ನೊಂದಿಲ್ಲ. ಸಂಗ್ರಹವನ್ನು ಇಡಿಯಾಗಿ ಬಲ್ಲವರು ಮಾತ್ರ ಅದರಿಂದ ಹತ್ತನ್ನು ಎತ್ತಿ ಕೊಡಬಲ್ಲರು.

ಆರಿಸಿದ ಮೇಲಿನ ತೊಡಕು ಓದಿನದು. ಹಳೆಯ ಕೈಬರಹವನ್ನು ಹದಿಮೂರು ವರ್ಷದ ಮಗು ಓದಲಾರದು, ಅನೇಕ ವೇಳೆ ಶಿಕ್ಷಕರಿಗೂ ಆಗದು. ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರ ಶಾಲೆಗಳಿಗಾಗಿ ಸಿದ್ಧಪಡಿಸಿದ ಪಾಠಗಳಲ್ಲಿ ಒಂದು ಕ್ರಮವಿದೆ, ನನಗೆ ಬಹಳ ಹಿಡಿಸಿದ್ದು. ಮೂಲ ಪತ್ರದ ಚಿತ್ರವಿರುತ್ತದೆ. ಅದರ ಜೊತೆಗೆ ಅಕ್ಷರಶಃ ಅಚ್ಚಿನ ಪ್ರತಿ. ಎಷ್ಟೋ ಕಡೆ ಮೂರನೆಯದಾಗಿ ಸರಳ ಭಾಷೆಗೆ ಇಳಿಸಿದ ಪ್ರತಿ. ಮೂರೂ ಒಟ್ಟಿಗಿರುವುದೇ ಇದರ ಜೀವಾಳ. ಸರಳ ಪ್ರತಿಯನ್ನು ಮಾತ್ರ ಕೊಟ್ಟರೆ ಅದು ಇನ್ನೊಂದು ಪಠ್ಯಪುಸ್ತಕವಾಗುತ್ತದೆ. ಮೂಲವನ್ನು ಮಾತ್ರ ಕೊಟ್ಟರೆ ಮಗು ಎರಡು ಸಾಲಿಗೆ ಕೈಚೆಲ್ಲುತ್ತದೆ. ಮೂರೂ ಇದ್ದಾಗ ಮಗು ಸರಳ ಪ್ರತಿಯಿಂದ ಒಳಹೊಕ್ಕು, ಅಚ್ಚಿನ ಪ್ರತಿಯ ಮೂಲಕ ಮೂಲದ ಕೈಬರಹದವರೆಗೆ ಹೋಗಿ 'ಇಗೋ ಈ ಪದ ಇಲ್ಲಿದೆ' ಎಂದು ಬೆರಳಿಡುತ್ತದೆ. ಅಲ್ಲಿ ಹೊಡೆದುಹಾಕಿದ ಒಂದು ಪದ ಕಂಡರಂತೂ ಹಬ್ಬ. ಬರೆದವರು ಮೊದಲು ಏನು ಹೇಳಲು ಹೊರಟಿದ್ದರು, ಯಾಕೆ ಬದಲಿಸಿದರು? ಅಚ್ಚಿನ ಪ್ರತಿಯಲ್ಲಿ ಆ ಪ್ರಶ್ನೆಯೇ ಹುಟ್ಟುವುದಿಲ್ಲ. ಉದ್ದನೆಯ ದಾಖಲೆಯನ್ನು ಕತ್ತರಿಸಿ ಕೊಡುವಾಗ ಎಲ್ಲಿ ಕತ್ತರಿಸಿದ್ದೇವೆ ಎಂಬ ಗುರುತನ್ನು ಬಿಡಲೇಬೇಕು, ಇಡೀ ದಾಖಲೆಗೆ ದಾರಿಯನ್ನೂ ತೋರಿಸಬೇಕು. ಅಷ್ಟು ಪ್ರಾಮಾಣಿಕತೆಯನ್ನು ಮಕ್ಕಳಿಗೆ ನಾವು ಸಲ್ಲಿಸಬೇಕಾಗಿದೆ.

ಅಚ್ಚಾದ ಪುಸ್ತಕ, ಪತ್ರಿಕೆಗಳ ಕಷ್ಟ ಬೇರೆ ತೆರನದು. ಅಚ್ಚಿನ ಚಿತ್ರದಿಂದ ಅಕ್ಷರಗಳನ್ನು ಗುರುತಿಸುವ ಓಸಿಆರ್ ತಂತ್ರಾಂಶ ತಪ್ಪುತ್ತದೆ. ಹದಿನೆಂಟನೆಯ ಶತಮಾನದ ಇಂಗ್ಲಿಷ್ ಪುಸ್ತಕಗಳಲ್ಲಿ 'ಎಸ್' ಅಕ್ಷರದ ಒಂದು ಉದ್ದನೆಯ ರೂಪವಿತ್ತು, ನೋಡಲು 'ಎಫ್'ನಂತೆಯೇ ಕಾಣುತ್ತದೆ. ಯಂತ್ರ ಅದನ್ನು 'ಎಫ್' ಎಂದೇ ಓದಿಬಿಟ್ಟರೆ ಹಡಗಿನ ಹಾಯಿ ಎಂಬರ್ಥದ 'ಸೇಲ್' ಪದ 'ಫೇಲ್' ಆಗುತ್ತದೆ. ಹಾಯಿಯನ್ನು ಹುಡುಕುವ ವಿದ್ಯಾರ್ಥಿಗೆ ಆ ಹಡಗು ಎಂದೂ ಸಿಗುವುದಿಲ್ಲ. ಸಿಗದಿದ್ದಾಗ ಮಗು 'ಇದರ ಬಗ್ಗೆ ಯಾರೂ ಬರೆದೇ ಇಲ್ಲ' ಎಂದು ತೀರ್ಮಾನಿಸುತ್ತದೆ. ನನಗೆ ಆತಂಕ ಹುಟ್ಟಿಸುವುದು ಈ ತೀರ್ಮಾನವೇ. ಹುಡುಕಿದಾಗ ಸಿಗಲಿಲ್ಲ ಎನ್ನುವುದು ಬೇರೆ, ಇಲ್ಲವೇ ಇಲ್ಲ ಎನ್ನುವುದು ಬೇರೆ ಎಂಬುದನ್ನು ಶಾಲೆಯಲ್ಲಿಯೇ ಕಲಿಸಬೇಕು. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯ ಹಳೆಯ ಪತ್ರಿಕೆಗಳನ್ನು 2008ರಲ್ಲಿ ಜಾಲಕ್ಕೆ ತಂದಾಗ ಯಂತ್ರ ಓದಿದ ಪಠ್ಯವನ್ನು ತಿದ್ದುವ ಅವಕಾಶವನ್ನು ಓದುಗರಿಗೇ ಕೊಟ್ಟಿತು. ಈಗ 'ಟ್ರೋವ್' ಎಂದು ಹೆಸರಾದ ಆ ತಾಣದಲ್ಲಿ ಜನ ಕೋಟ್ಯಂತರ ಸಾಲುಗಳನ್ನು ತಿದ್ದಿದ್ದಾರೆ. ಶಾಲಾ ಮಕ್ಕಳೂ ಇಂಥ ಕೆಲಸಕ್ಕೆ ಕೈಹಚ್ಚಬಹುದು. ಒಂದು ಸುದ್ದಿ, ಒಂದು ಅವಧಿ ಸಾಕು. ಅವರನ್ನು ಪುಕ್ಕಟೆ ಬೆರಳಚ್ಚುಗಾರರನ್ನಾಗಿ ಮಾಡುವುದು ಮಾತ್ರ ಬೇಡ.

ಇನ್ನೊಂದು ಚಿತ್ರದ ವಿಷಯ ಹೇಳದೆ ಮುಂದೆ ಹೋಗಲಾರೆ. 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊದಲ್ಲಿ ಡೊರೊಥಿಯಾ ಲ್ಯಾಂಗ್ ತೆಗೆದ, 'ವಲಸಿಗ ತಾಯಿ' ಎಂದು ಲೋಕಪ್ರಸಿದ್ಧವಾದ ಚಿತ್ರ. ಕೂಲಿ ಅರಸಿ ಬಂದ ತಾಯಿಯೊಬ್ಬಳು ಗುಡಾರದಲ್ಲಿ ಮಕ್ಕಳೊಂದಿಗೆ ಕುಳಿತಿದ್ದಾಳೆ. ಪುಸ್ತಕಗಳಲ್ಲಿ ಕಾಣುವುದು ಒಂದೇ ಚಿತ್ರ. ಲೈಬ್ರರಿ ಆಫ್ ಕಾಂಗ್ರೆಸ್ಸಿನ ಸಂಗ್ರಹಕ್ಕೆ ಹೋದರೆ ಅದೇ ಗುಡಾರದ ಮುಂದೆ ತೆಗೆದ ಬೇರೆ ಚಿತ್ರಗಳೂ ಸಿಗುತ್ತವೆ. ಕೆಲವು ದೂರದಿಂದ ತೆಗೆದವು, ಗುಡಾರವೂ ಬೇರೆ ಮಕ್ಕಳೂ ಕಾಣುತ್ತಾರೆ. ಪ್ರಸಿದ್ಧ ಚಿತ್ರದ ಮೂಲೆಯಲ್ಲಿ ಕಾಣುತ್ತಿದ್ದ ಹೆಬ್ಬೆರಳೊಂದನ್ನು ಆಮೇಲೆ ಅಳಿಸಲಾಯಿತು. ಅಳಿಸುವ ಮುಂಚಿನ ಪ್ರತಿಯೂ ಉಳಿದಿದೆ. ಮೂಲ ವಿವರಣೆಯಲ್ಲಿ ಆಕೆಗೆ ಏಳು ಮಕ್ಕಳು, ವಯಸ್ಸು ಮೂವತ್ತೆರಡು ಎಂದಿದೆ, ಹೆಸರಿಲ್ಲ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬ ಆ ಹೆಸರು ಪತ್ರಿಕೆಯ ಮೂಲಕ ಜನರಿಗೆ ತಿಳಿದದ್ದು 1978ರಲ್ಲಿ. ಹೈನ್ ಅವರ ಟಿಪ್ಪಣಿಯಲ್ಲಿ ಹೆಸರಿದೆ, ಲ್ಯಾಂಗ್ ಅವರದರಲ್ಲಿಲ್ಲ. ಇವೆರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ ಮಕ್ಕಳು ಕೇಳುವ ಪ್ರಶ್ನೆಗೆ ಉಪಾಧ್ಯಾಯರು ಟಿಪ್ಪಣಿ ಬರೆಸಬೇಕಾಗಿಲ್ಲ. ಚಿತ್ರಕ್ಕಿಂತ ಅದರ ವಿವರಪಟ್ಟಿಯೇ ಹೆಚ್ಚು ಕಲಿಸುವ ಸಂದರ್ಭಗಳಿವೆ ಎಂಬುದಕ್ಕೆ ಇದನ್ನು ಹೇಳಿದೆ. ಆದ್ದರಿಂದಲೇ ದಯವಿಟ್ಟು ವಿವರಪಟ್ಟಿಯನ್ನು ಅಧಿಕಾರಿಗಳ ಸಂಕೇತಗಳಲ್ಲಿ ಹುದುಗಿಸಬೇಡಿ. ಯಾರು, ಯಾವಾಗ, ಯಾರಿಗಾಗಿ, ಹೇಗೆ ನಮ್ಮ ಕೈಗೆ ಬಂತು ಎಂಬುದನ್ನು ಮಗುವಿಗೆ ತಿಳಿಯುವ ನಾಲ್ಕು ವಾಕ್ಯಗಳಲ್ಲಿ ಬರೆಯಿರಿ.

ಯಂತ್ರವೇ ಹಳೆಯ ಕಾಲದ ಚಿತ್ರಗಳನ್ನು ಸೃಷ್ಟಿಸಿಕೊಡುತ್ತಿರುವ ಈ ದಿನಗಳಲ್ಲಿ ಇದು ಇನ್ನೂ ತುರ್ತಿನದು. ಊರು ಹೆಸರಿಲ್ಲದ ಚಿತ್ರಗಳು ಮಕ್ಕಳ ಮೊಬೈಲಿನಲ್ಲಿ ದಿನವೂ ಹರಿದಾಡುತ್ತವೆ. ಪತ್ರಾಗಾರದ ಚಿತ್ರಕ್ಕೆ ಒಂದು ಸಂಖ್ಯೆಯಿದೆ, ಅದನ್ನು ಹಿಡಿದು ಹೋದರೆ ಕಪಾಟಿನಲ್ಲಿ ಒಂದು ಕಾಗದವಿದೆ. ಆ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದುಕೊಳ್ಳುವ ಅಭ್ಯಾಸವನ್ನು ಆರನೆಯ ತರಗತಿಯಿಂದಲೇ ಮಾಡಿಸಬಹುದು.

ಉಳಿದ ಕೆಲವನ್ನು ಬೇಗ ಹೇಳಿ ಮುಗಿಸುತ್ತೇನೆ. ಕೊಂಡಿಗಳು ಬದಲಾಗಬಾರದು. ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪುಗಳಲ್ಲಿ ಕೊಟ್ಟ ಜಾಲಕೊಂಡಿಗಳಲ್ಲಿ ಅರ್ಧದಷ್ಟು ಮೂಲ ಮಾಹಿತಿಗೆ ಕರೆದೊಯ್ಯುತ್ತಿಲ್ಲ ಎಂದು ಹಾರ್ವರ್ಡಿನ ಸಂಶೋಧಕರು ತೋರಿಸಿದ್ದರು. ನ್ಯಾಯಾಲಯದ ಗತಿಯೇ ಹೀಗಾದರೆ ಶಿಕ್ಷಕರ ಪಾಠ ಯೋಜನೆಯ ಗತಿಯೇನು? ಹಕ್ಕುಸ್ವಾಮ್ಯದ ವಿಷಯವನ್ನು ಪ್ರತಿ ಚಿತ್ರದ ಕೆಳಗೆ ಒಂದು ಸಾಲಿನಲ್ಲಿ ಸ್ಪಷ್ಟವಾಗಿ ಹೇಳಿ, ತರಗತಿಗೆ ಅಚ್ಚು ಹಾಕಿಕೊಳ್ಳಬಹುದೋ ಇಲ್ಲವೋ ಎಂದು ಶಿಕ್ಷಕರು ಹೆದರುತ್ತಾ ಕೂರಬಾರದು. ಒಂದು ಹಾಳೆಯಲ್ಲಿ ಅಚ್ಚಾಗುವ ಪ್ರತಿ ಪ್ರತಿಯೊಂದಕ್ಕೂ ಇರಲಿ, ಅಂತರಜಾಲ ಕೈಕೊಟ್ಟ ದಿನವೂ ಪಾಠ ನಡೆಯಬೇಕಲ್ಲ. ಹಳೆಯ ದಾಖಲೆಗಳಲ್ಲಿ ಜನರನ್ನು ಹೀಗಳೆಯುವ ಪದಗಳು ಬರುತ್ತವೆ. ಅವನ್ನು ಅಳಿಸುವುದು ಬೇಡ, ಆದರೆ ಶಿಕ್ಷಕರಿಗೆ ಮುನ್ಸೂಚನೆ ಕೊಡದೆ ತರಗತಿಗೆ ಕಳಿಸುವುದೂ ಬೇಡ.

ಶಿಕ್ಷಕ ಮಿತ್ರರಲ್ಲಿ ಒಂದು ಕೋರಿಕೆಯಿದೆ. 'ಹೋಗಿ ಪತ್ರಾಗಾರದಲ್ಲಿ ಹುಡುಕಿಕೊಂಡು ಬನ್ನಿ' ಎಂದು ಮಕ್ಕಳಿಗೆ ಮನೆಗೆಲಸ ಕೊಡಬೇಡಿ. ಈಜು ಬಾರದವರನ್ನು ನಡುಗಡಲಿಗೆ ಇಳಿಸಿದಂತೆ ಅದು. ವರ್ಷಕ್ಕೆ ಮೂರು ದಾಖಲೆ ಸಾಕು. ಲೈಬ್ರರಿ ಆಫ್ ಕಾಂಗ್ರೆಸ್ ಶಿಕ್ಷಕರಿಗೆ ಹೇಳಿಕೊಡುವ ಮೂರು ಹೆಜ್ಜೆಗಳು ಬಹಳ ಸರಳ: ನೋಡು, ಯೋಚಿಸು, ಪ್ರಶ್ನೆ ಕೇಳು. ಇವು ಯಾವ ಕ್ರಮದಲ್ಲಾದರೂ ಬರಬಹುದು, ಮತ್ತೆ ಮತ್ತೆ ಬರಬಹುದು. ಪಾಠವಾದ ಮೇಲೆ ಯಾವುದು ನಡೆಯಿತು, ಯಾವುದು ನಡೆಯಲಿಲ್ಲ ಎಂದು ಎರಡು ಸಾಲು ಪತ್ರಾಗಾರಕ್ಕೆ ಬರೆದು ಕಳಿಸಿ. ಅಲ್ಲಿರುವವರಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಪತ್ರಾಗಾರದ ಗೆಳೆಯರೇ, ಹೊಸ ತಾಣ ಕಟ್ಟುವ ಮುನ್ನ ಇಬ್ಬರು ಶಿಕ್ಷಕರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರು ಯಾವ ಪದ ಬಳಸಿ ಹುಡುಕುತ್ತಾರೆ ಎಂದು ಬರೆದುಕೊಳ್ಳಿ, ಮಾತಾಡಬೇಡಿ. ನಾವು ಕಟ್ಟುವ ಮೊದಲೇ ಹಾಗೆ ಮಾಡಿದ್ದರೆ 'ಬರಗಾಲ' ಎಂದು ಹುಡುಕಿದವರು ಬರಿಗೈಯಲ್ಲಿ ಹೋಗುತ್ತಿರಲಿಲ್ಲ.

ಈಗ ನಿಮ್ಮೆಲ್ಲರ ಮುಂದೆ ಒಂದೊಂದು ಹಾಳೆ ಇಟ್ಟಿದ್ದೇವೆ. ಮೇಲೆ ಒಂದು ಚಿತ್ರವಿದೆ, ಕೆಳಗಿನ ಟಿಪ್ಪಣಿಯನ್ನು ಮಡಚಿ ಅಂಟಿಸಿದ್ದೇವೆ. ಒಬ್ಬ ಶಿಕ್ಷಕರು, ಒಬ್ಬ ಪತ್ರಪಾಲಕರು ಜೋಡಿಯಾಗಿ ಕುಳಿತುಕೊಳ್ಳಿ. ಹತ್ತು ನಿಮಿಷ ಚಿತ್ರವನ್ನಷ್ಟೇ ನೋಡಿ, ಕಂಡದ್ದನ್ನು ಬರೆಯಿರಿ. ಆಮೇಲೆ ಮಡಿಕೆ ಬಿಚ್ಚಿ.