ಮನ್ನಾ ಡೇ: ಗೆದ್ದ ಹಾಡು, ಸೋತ ಹಾಡು

ಪ್ರಿಯ ಶ್ರೋತೃಗಳೇ, ನಮಸ್ಕಾರ.

1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಆರಂಭವಾದಾಗ ಮೊದಲು ಬಿತ್ತರವಾದ ಹಾಡು ಯಾವ ಚಲನಚಿತ್ರದ್ದೂ ಆಗಿರಲಿಲ್ಲ. ಪಂಡಿತ ನರೇಂದ್ರ ಶರ್ಮರು ಬರೆದು, ಅನಿಲ್ ಬಿಸ್ವಾಸರು ಸ್ವರ ಹೊಂದಿಸಿ, ಮನ್ನಾ ಡೇಯವರು ಹಾಡಿದ ನವಿಲಿನ ಹಾಡು ಅದು. ಹಾಗಾಗಿ ಬಾನುಲಿಯ ಮುಂದೆ ಕುಳಿತು ಅವರ ಮಾತನ್ನಾಡುವುದು, ಮನೆಯ ಹಿರಿಯರ ಮಾತನ್ನು ಮನೆಯಲ್ಲಿಯೇ ಕುಳಿತು ಆಡಿದಷ್ಟು ಸಹಜವೆಂದು ನನಗೆ ತೋರುತ್ತದೆ.

ನಾನು ಬೆಳೆದ ಗದಗಿನ ಮನೆಯಲ್ಲಿ ಸಿನಿಮಾ ಹಾಡಿಗೆ ಹೆಚ್ಚಿನ ಮರ್ಯಾದೆ ಇರಲಿಲ್ಲ. ನನ್ನ ಸೋದರಮಾವ ಕುಂದಗೋಳದ ನಾಡಿಗೇರ ವಾಡೆಯಲ್ಲಿ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಸ್ಮರಣೆಗಾಗಿ ನಡೆಯುವ ಸಂಗೀತಕ್ಕೆ ತಪ್ಪದೆ ಹೋಗಿ, ರಾತ್ರಿಯಿಡೀ ಕುಳಿತು, ಬೆಳಗಿನ ಭೈರವಿ ಮುಗಿದ ಮೇಲೆಯೇ ಊರಿನ ಹಾದಿ ಹಿಡಿಯುತ್ತಿದ್ದವರು. ರೇಡಿಯೋದಲ್ಲಿ ಹಿಂದಿ ಸಿನಿಮಾ ಹಾಡು ಬಂದೊಡನೆ ಅವರು ಮಾತಿಲ್ಲದೆ ಎದ್ದು ಬಂದು, ಅದರ ಕಿವಿ ಹಿಂಡಿ ದನಿ ತಗ್ಗಿಸಿ ಹೋಗಿಬಿಡುತ್ತಿದ್ದರು. ಪೂರ್ತಿ ಬಂದ್ ಮಾಡುತ್ತಿರಲಿಲ್ಲ; ಮಕ್ಕಳ ಮೇಲೆ ಅಷ್ಟು ಕರುಣೆ ಇತ್ತು.

ಅಂಥವರು ಟಿಕೀಟು ತೆಗೆಸಿ ನೋಡಿದ ಒಂದು ಹಿಂದಿ ಚಿತ್ರವೆಂದರೆ 1956ರ 'ಬಸಂತ್ ಬಹಾರ್'. ಅದರ ಕಥೆಗೆ ಆಧಾರ ನಮ್ಮ ತ.ರಾ.ಸು. ಅವರ 'ಹಂಸಗೀತೆ' ಕಾದಂಬರಿ. ಆದರೆ ಮಾವ ಹೋದದ್ದು ಕಥೆಗಾಗಿ ಅಲ್ಲ. ರೋಣದಲ್ಲಿ ಹುಟ್ಟಿ, ಗದಗಿನಲ್ಲಿ ಬೆಳೆದು, ಕುಂದಗೋಳದಲ್ಲಿ ಸವಾಯಿ ಗಂಧರ್ವರ ಬಳಿ ಕಲಿತ ಭೀಮಸೇನ ಜೋಶಿಯವರು ಅದರಲ್ಲಿ ಹಾಡಿದ್ದರು. 'ಕೇತಕೀ ಗುಲಾಬ್ ಜೂಹೀ' ಎಂಬ ಆ ಹಾಡು ಬಸಂತ್ ರಾಗದಲ್ಲಿ ನಡೆಯುವ ಸವಾಲು-ಜವಾಬು. ಆಸ್ಥಾನದ ಗಾಯಕನ ಕಂಠ ಭೀಮಸೇನರದು, ನಾಯಕನ ಕಂಠ ಮನ್ನಾ ಡೇಯವರದು. ಕಥೆಯ ಪ್ರಕಾರ ಗೆಲ್ಲಬೇಕಾದವನು ನಾಯಕ. ಭೀಮಸೇನರ ಎದುರು ಹಾಡಿ ಅವರನ್ನು ಸೋಲಿಸಬೇಕೆಂದು ಸಂಗೀತ ನಿರ್ದೇಶಕರಾದ ಶಂಕರ್-ಜೈಕಿಶನ್ ಹೇಳಿದಾಗ ತಮಗೆ ಊರು ಬಿಟ್ಟು ಓಡಿಹೋಗಬೇಕೆನ್ನಿಸಿತ್ತೆಂದು ಮನ್ನಾ ಡೇಯವರೇ ಮುಂದೆ ಹಲವು ಸಲ ನೆನೆದದ್ದುಂಟು.

ಚಿತ್ರ ನೋಡಿ ಬಂದ ಮಾವ ಎರಡು ದಿನ ಸಿಟ್ಟಿನಲ್ಲಿದ್ದರಂತೆ. ಆಮೇಲೆ ತಾವೇ ಒಂದು ತೀರ್ಪು ಕೊಟ್ಟುಕೊಂಡರು: "ಕಣ್ಣು ತೆರೆದು ನೋಡಿದ್ರ ಅವ ಗೆದ್ದಾನ, ಕಣ್ಣು ಮುಚ್ಚಿ ಕೇಳಿದ್ರ ನಮ್ಮ ಭೀಮಣ್ಣ ಗೆದ್ದಾನ." ಈ ಮಾತನ್ನು ಅವರು ನಮಗೆ ಎಷ್ಟು ಸಲ ಹೇಳಿದ್ದರೆಂದರೆ, ಬಹಳ ವರ್ಷ ನಾನು ಆ ಹಾಡನ್ನು ಮಾವನ ಕಿವಿಯಿಂದಲೇ ಕೇಳುತ್ತಿದ್ದೆ. ಈಗ ನನ್ನ ಕಿವಿಯಿಂದ ಕೇಳಿದಾಗ ಬೇರೆಯೊಂದು ತಿಳಿಯುತ್ತದೆ. ಭೀಮಸೇನರ ತಾನ್, ಎಂದರೆ ವೇಗದ ಸ್ವರಗಳ ಸರಣಿ, ಗುಡುಗಿದಂತೆ ಎದ್ದಾಗ ಮನ್ನಾ ಡೇ ಅಷ್ಟೇ ಎದೆಯುಬ್ಬಿಸಿ ಅದನ್ನು ಅನುಕರಿಸುವುದಕ್ಕೆ ಹೋಗುವುದಿಲ್ಲ; ತಮ್ಮ ಅಳತೆ ತಮಗೆ ಗೊತ್ತಿರುವ ಮನುಷ್ಯನಂತೆ, ಸ್ವರವನ್ನು ತೆಳುವಾಗಿಸಿ, ಹೂವಿನ ಹೆಸರುಗಳನ್ನು ಸ್ಪಷ್ಟವಾಗಿ ಉಚ್ಚರಿಸಿ, ರಾಗದ ಅಂಚು ಹಿಡಿದು ನಡೆಯುತ್ತಾರೆ. ಹೆದರಿದವನು ಹಾಡಿದ್ದೆಂದು ಎಲ್ಲಿಯೂ ಅನ್ನಿಸುವುದಿಲ್ಲ, ಗೆದ್ದವನು ಹಾಡಿದ್ದೆಂದೂ ಅನ್ನಿಸುವುದಿಲ್ಲ.

ಆ ಧೈರ್ಯಕ್ಕೆ ತಳಹದಿ ಇರಲೇಬೇಕಲ್ಲ. 1919ರ ಮೇ 1ರಂದು ಕಲ್ಕತ್ತೆಯಲ್ಲಿ ಹುಟ್ಟಿದ ಪ್ರಬೋಧಚಂದ್ರ ಡೇಯವರಿಗೆ ಸಂಗೀತ ಮನೆಯಲ್ಲಿಯೇ ಸಿಕ್ಕಿತು. ಚಿಕ್ಕಪ್ಪ ಕೃಷ್ಣಚಂದ್ರ ಡೇ, ಬಾಲ್ಯದಲ್ಲಿಯೇ ಕಣ್ಣು ಕಳೆದುಕೊಂಡು ಬಂಗಾಳದ ದೊಡ್ಡ ಗಾಯಕ-ನಟರೆನಿಸಿದವರು. 1942ರಲ್ಲಿ ಅವರ ಜೊತೆಗೇ ಮನ್ನಾ ಮುಂಬಯಿಗೆ ಬಂದರು. ಅಲ್ಲಿ ಚಿಕ್ಕಪ್ಪನಿಗೂ ಸಂಗೀತ ನಿರ್ದೇಶಕ ಸಚಿನ್ ದೇವ್ ಬರ್ಮನ್ನರಿಗೂ ಸಹಾಯಕರಾಗಿ ದುಡಿಯುತ್ತ, ಉಸ್ತಾದ್ ಅಮಾನ್ ಅಲಿ ಖಾನ್, ಉಸ್ತಾದ್ ಅಬ್ದುಲ್ ರೆಹಮಾನ್ ಖಾನ್ ಇವರಲ್ಲಿ ಕಲಿಕೆ ಮುಂದುವರಿಸಿದರು.

ಇಷ್ಟು ಕಲಿತವರಿಗೆ 'ಬಸಂತ್ ಬಹಾರ್' ಬಂದ ಹನ್ನೆರಡು ವರ್ಷಗಳ ನಂತರ, 1968ರಲ್ಲಿ, 'ಪಡೋಸನ್' ಚಿತ್ರದಲ್ಲಿ ಸೋಲುವ ಪಾಳಿ ಬಂತು. ಕ್ರಮಬದ್ಧ ಶಿಕ್ಷಣವಿಲ್ಲದ ಕಿಶೋರ್ ಕುಮಾರರು ಎದುರಾಳಿ. ಮನ್ನಾ ಡೇಯವರು ಹಾಡಬೇಕಾದದ್ದು ಮೆಹಮೂದ್ ನಟಿಸಿದ, ಜುಟ್ಟು ಬಿಟ್ಟ ಸಂಗೀತದ ಮೇಷ್ಟರಿಗಾಗಿ. 'ಏಕ್ ಚತುರ್ ನಾರ್' ಕೇಳಿ ನಾವು ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇವೆ. ಮಾವ ನಗಲಿಲ್ಲ. ಭೀಮಣ್ಣನನ್ನು ಗೆದ್ದವನು ಹೀಗೆ ಸೋಲಬಾರದಿತ್ತು ಎಂಬ ವಿಚಿತ್ರ ಬೇಸರ ಅವರದಾಗಿತ್ತು. ನನಗನ್ನಿಸುವುದೇ ಬೇರೆ: ಸ್ವರದ ಮೇಲೆ ಪೂರ್ಣ ಹಿಡಿತವಿಲ್ಲದವನು ಆ ಮೇಷ್ಟರ ತಡವರಿಕೆಯನ್ನು ಹಾಡಲಾರ, ಕಿಶೋರ್ ಕುಮಾರರ ಗೆಲುವು ಅಷ್ಟು ಸೊಗಸಾಗಿ ಕಾಣುವುದು ಮನ್ನಾ ಡೇ ಅಷ್ಟು ಚೆನ್ನಾಗಿ ಸೋತದ್ದರಿಂದ. ಅದೇ ವರ್ಷದ 'ಮೇರೇ ಹುಜೂರ್' ಚಿತ್ರದಲ್ಲಿ ದರ್ಬಾರಿ ರಾಗದ 'ಝನಕ್ ಝನಕ್ ತೋರೀ ಬಾಜೇ ಪಾಯಲಿಯಾ' ಹಾಡಿ ರಾಷ್ಟ್ರಪ್ರಶಸ್ತಿ ಪಡೆದವರೂ ಅವರೇ ಎಂಬುದನ್ನು ನೆನೆದರೆ, ನಗೆಗೂ ಗಾಂಭೀರ್ಯಕ್ಕೂ ಅವರಲ್ಲಿ ಒಂದೇ ಕಂಠ ಸಾಕಾಗುತ್ತಿತ್ತೆಂದು ಒಪ್ಪಬೇಕಾಗುತ್ತದೆ.

ನಾಯಕನಟರ ದನಿ ಇವರಿಗೆ ಸಾಕಷ್ಟು ದಕ್ಕಲಿಲ್ಲವೆಂದು ಅಭಿಮಾನಿಗಳು ಕೊರಗುವುದುಂಟು. ರಾಜ್ ಕಪೂರರಿಗೆ 'ಶ್ರೀ 420', 'ಚೋರಿ ಚೋರಿ' ಚಿತ್ರಗಳಲ್ಲಿ ಹಾಡಿದ್ದನ್ನು ಬಿಟ್ಟರೆ, ಅವರ ಪಾಲಿಗೆ ಹೆಚ್ಚಾಗಿ ಬಂದದ್ದು ಮುದುಕರು, ಭಿಕ್ಷುಕರು, ಸಾಧುಗಳು, ಹಾಸ್ಯಗಾರರು. ನಾನು ಈ ಕೊರಗಿಗೆ ದನಿ ಸೇರಿಸಲಾರೆ. 'ಉಪಕಾರ್' ಚಿತ್ರದಲ್ಲಿ ಪ್ರಾಣ್ ಅವರಿಗಾಗಿ ಹಾಡಿದ 'ಕಸ್ಮೇ ವಾದೇ' ಯಾವ ತರುಣ ನಾಯಕನಿಗೂ ಒಗ್ಗುವ ಹಾಡಲ್ಲ. ಇನ್ನು 'ಲಾಗಾ ಚುನರೀ ಮೇಂ ದಾಗ್' ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಅದರ ಕೊನೆಯಲ್ಲಿ ಅರ್ಥವಿಲ್ಲದ ಅಕ್ಷರಗಳನ್ನು ವೇಗವಾಗಿ ಹಾಡುವ ತರಾನಾ ಅದ್ಭುತವೇ, ಆದರೆ ಹುಬ್ಬಳ್ಳಿ-ಧಾರವಾಡದ ಗಾಯನಸ್ಪರ್ಧೆಗಳಲ್ಲಿ ಅದನ್ನು ಕೇಳಿ ಕೇಳಿ ಸ್ವಲ್ಪ ದಣಿದಿದ್ದೇನೆ. ಮದನ್ ಮೋಹನರು ರಾಗೇಶ್ರೀ ರಾಗದಲ್ಲಿ ಕಟ್ಟಿಕೊಟ್ಟ 'ಕೌನ್ ಆಯಾ ಮೇರೇ ಮನ್ ಕೇ ದ್ವಾರೇ' ಯಾರೂ ಸ್ಪರ್ಧೆಗೆ ಆರಿಸಿಕೊಳ್ಳದ ಕಾರಣ ನನ್ನ ಪಾಲಿಗೆ ಇನ್ನೂ ತಾಜಾ ಉಳಿದಿದೆ.

1961ರ 'ಕಾಬೂಲಿವಾಲಾ' ಚಿತ್ರದಲ್ಲಿ ಕಲ್ಕತ್ತೆಯಲ್ಲಿ ಬೀಡುಬಿಟ್ಟ ಪಠಾಣರ ನಡುವಿನಿಂದ ಏಳುವ 'ಏ ಮೇರೇ ಪ್ಯಾರೇ ವತನ್' ಹಾಡನ್ನು ನಾನು ನಿಜವಾಗಿ ಕೇಳಿದ್ದು ನೌಕರಿಗಾಗಿ ಮುಂಬಯಿ ಸೇರಿದ ಮೇಲೆ. ದೇಶದ ಹಾಡೆಂದರೆ ಕಂಠ ಏರಿಸುವುದು ರೂಢಿ. ಸಲಿಲ್ ಚೌಧರಿಯವರ ಆ ರಚನೆಯಲ್ಲಿ ಮನ್ನಾ ಡೇ ದನಿಯನ್ನು ಬಹುಮಟ್ಟಿಗೆ ತಗ್ಗಿಸಿಯೇ ಇಡುತ್ತಾರೆ, ಪಕ್ಕದಲ್ಲಿ ಮಲಗಿದವರಿಗೆ ಎಚ್ಚರವಾದೀತೆಂಬ ಹಾಗೆ. ಒಂದು ಖೋಲಿಯಲ್ಲಿ ಆರು ಜನ ಮಲಗುತ್ತಿದ್ದ ನಮಗೆ ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮನ್ನಾ ಡೇಯವರು ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲಿ. ಅಲ್ಲಿಯೇ 2013ರ ಅಕ್ಟೋಬರ್ 24ರಂದು ತೀರಿಕೊಂಡರು. ಅಂದು ಮನೆಯಲ್ಲಿ ನಾನು ಹಾಕಿಕೊಂಡು ಕೇಳಿದ್ದು ಒಂದೇ ಹಾಡು, 1963ರ 'ಮೇರೀ ಸೂರತ್ ತೇರೀ ಆಂಖೇಂ' ಚಿತ್ರದ 'ಪೂಛೋ ನ ಕೈಸೇ'. ಶೈಲೇಂದ್ರರ ಸಾಹಿತ್ಯ, ಸಚಿನ್ ದೇವ್ ಬರ್ಮನ್ನರ ಸಂಗೀತ. ಇರುಳು ಹೇಗೆ ಕಳೆಯಿತೆಂದು ಕೇಳಬೇಡಿರೆಂದು ಮಾತು ಹೇಳುತ್ತದೆ. ರಾಗ ಮಾತ್ರ ಬೆಳಗಿನ ಅಹೀರ್ ಭೈರವ್. ಎಂದರೆ ರಾತ್ರಿ ಕಳೆದುಹೋಗಿದೆ, ನಿದ್ದೆ ಬಂದಿಲ್ಲ, ಹೊರಗೆ ಬೆಳಕು ಹರಿದಿದೆ. ಇದರಲ್ಲಿ ಎದುರಾಳಿಯಿಲ್ಲ, ಗೆಲ್ಲಬೇಕಾದವರಿಲ್ಲ.

ಈ ಹಾಡು ಮೊದಲ ಸಲ ನಮ್ಮ ಮನೆಯ ರೇಡಿಯೋದಲ್ಲಿ ಬಂದ ದಿನ ಮಾವ ಎಂದಿನಂತೆ ಎದ್ದು ಬಂದು, ರೇಡಿಯೋದ ಕಿವಿಗೆ ಕೈ ಹಾಕಿ, ಹಾಗೆಯೇ ನಿಂತರು. ಕೋಮಲ ರಿಷಭದ, ಎಂದರೆ ತಗ್ಗಿಸಿದ 'ರಿ' ಸ್ವರದ, ಮೇಲೆ ದನಿ ಬಂದು ನಿಂತಾಗ, "ಸರಿಯಾಗಿ ಕೂತದ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ಕಿವಿ ಹಿಂಡಿ, ದನಿ ಹೆಚ್ಚಿಸಿ ಹೋದರು.